ನೆಂಟರ ಮನೆಯ ಬಿಡುವು

ಚೈತ್ರ ವೈಶಾಖಗಳ ಬಿಸಿಲು ಏರುತ್ತಿರುವಂತೆ ಶಾಲೆಗಳು ಮುಚ್ಚುವುದೂ, ಸಂಸಾರಗಳು ಮಕ್ಕಳುಮರಿಗಳೊಡನೆ ನೆಂಟರ ಊರಿಗೆ ಹೊರಡುವುದೂ ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಅಲ್ಲಿ ಕಳೆಯುವ ದಿನವು ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಒಂದೇ ಬಗೆಯದು. ಬೆಳಗಿನ ತಂಪಿನಲ್ಲಿ ಎಣ್ಣೆನೀರು. ಮಧ್ಯಾಹ್ನ ಬಾಳೆಯೆಲೆಯ ಮೇಲೆ ಕೋಸಂಬರಿ, ಮಾವಿನಕಾಯಿಯ ಚಿತ್ರಾನ್ನ, ರಸಪುರಿ ಹಣ್ಣಿನ ಸೀಕರಣೆ, ಅದೇ ಬೇಸಗೆಯಲ್ಲಿ ಮಾಳಿಗೆಯ ಮೇಲೆ ಒಣಗಿದ ಸಂಡಿಗೆ. ಊಟವಾದ ಮೇಲೆ ತಣ್ಣನೆಯ ನೆಲದ ಮೇಲೆ ಹಿರಿಯರ ನಿದ್ರೆ. ಪಡಸಾಲೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ 25 ಮನೆಗಳನ್ನು ಗೀಚಿಕೊಂಡು ಕವಡೆ ಕುಲುಕುವ ಮಕ್ಕಳ ಚೌಕಾಬಾರ, ಅದರಲ್ಲೊಂದಿಷ್ಟು ಜಗಳ. ಇಳಿಹೊತ್ತಿನಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುವ ಅಜ್ಜಿಯ ಸುತ್ತ ಮೊಮ್ಮಕ್ಕಳ ಮುತ್ತಿಗೆ. ಕತ್ತಲಾದ ಮೇಲೆ ಅಂಗಳದಲ್ಲಿ ಕೈತುತ್ತು. ಇದರಿಂದ ಯಾವ ಘನಕಾರ್ಯವೂ ಸಾಧಿತವಾಗುವುದಿಲ್ಲ. ಆದರೂ ಮುಪ್ಪಿನಲ್ಲಿ ಮನುಷ್ಯನು ಮರಳಿ ಮರಳಿ ನೆನೆಯುವುದು ಇಂತಹ ದಿನಗಳನ್ನೇ ಹೊರತು ಕಛೇರಿಯ ದಿನಗಳನ್ನಲ್ಲ.

ಇದು ಕಾಲಹರಣವೆಂದು ಮೂಗುಮುರಿಯುವ ಉದ್ಯೋಗಶೀಲರುಂಟು. ಅವರಿಗೆ ಯವನ ತತ್ತ್ವಜ್ಞನಾದ ಅರಿಸ್ಟಾಟಲನೇ ಉತ್ತರ ಹೇಳಿರುವನು. ಶಾಂತಿಗಾಗಿ ಯುದ್ಧ ಮಾಡುವಂತೆ ಬಿಡುವಿಗಾಗಿಯೇ ಮನುಷ್ಯನು ದುಡಿಯುವನೆಂಬುದು ಅವನ ನೀತಿಶಾಸ್ತ್ರದ ಕಡೆಯ ಭಾಗದಲ್ಲಿ ಬರುವ ವಿಚಾರ. ಅವನ ಮನಸ್ಸಿನಲ್ಲಿದ್ದುದು ತತ್ತ್ವಚಿಂತನೆಯ ಬಿಡುವೇ ಹೊರತು ಚೌಕಾಬಾರದ ಬಿಡುವಲ್ಲವೆಂಬುದು ನಿಜ. ಆದರೂ ಬಿಡುವಿಗೆ ಯವನರು ಇಟ್ಟ ಹೆಸರಿನಿಂದಲೇ ಇಂಗ್ಲಿಷಿನ ಸ್ಕೂಲ್ ಎಂಬ ಶಬ್ದವು ಹುಟ್ಟಿತೆಂಬುದನ್ನು, ಸ್ಕೂಲಿನಿಂದ ಬಿಡುವು ಸಿಕ್ಕಿತೆಂದು ಕುಣಿಯುವ ಮಕ್ಕಳು ತಿಳಿದರೆ ನಗದೆ ಇರಲಾರರು. ಅದೇ ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದಲ್ಲಿ ದಾಸ್ಯವನ್ನು ಸಮರ್ಥಿಸಿದನೆಂಬುದನ್ನೂ ಇಲ್ಲಿ ಮರೆಯತಕ್ಕದ್ದಲ್ಲ. ಅಥೆನ್ಸಿನ ಪೌರನ ಬಿಡುವು ಬಹುಮಟ್ಟಿಗೆ ದಾಸರ ದುಡಿಮೆಯ ಮೇಲೆ ನಿಂತಿದ್ದಿತು. ಹಾಗಾದರೆ ನೆಂಟರ ಮನೆಯ ಬೇಸಗೆಯ ಬಿಡುವು ಯಾರ ದುಡಿಮೆಯ ಮೇಲೆ ನಿಂತಿರುವುದೆಂಬ ಪ್ರಶ್ನೆಯು ಸಹಜವಾಗಿಯೇ ಏಳುವುದು.

ಮೇಲೆ ವರ್ಣಿಸಿದ ದಿನವನ್ನೇ ಅಡಿಗೆಮನೆಯ ಹೊಸಲಿನ ಒಳಗಿನಿಂದ ನೋಡಿದರೆ ಅದು ಬೇರೊಂದು ದಿನವಾಗಿ ತೋರುವುದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಗೃಹಸ್ಥನಿಗೆ ಐದು ಹಿಂಸಾಸ್ಥಾನಗಳನ್ನು ಹೇಳಿದೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವುಗಳಿಂದಾಗುವ ದೋಷದ ನಿವೃತ್ತಿಗೆ ವಿಧಿಸಿದ ಪಂಚಮಹಾಯಜ್ಞಗಳಲ್ಲಿ ಅತಿಥಿಪೂಜೆಯೂ ಒಂದು. ಐದು ಉಪಕರಣಗಳೂ ಮನೆಯಾಕೆಯ ಕೈಯವು. ಯಜ್ಞದ ಪುಣ್ಯ ಮಾತ್ರ ಯಜಮಾನನ ಹೆಸರಿನದು. ಇಂದು ಒಲೆಯ ಸ್ಥಾನಕ್ಕೆ ಗ್ಯಾಸು, ಒರಳಿನ ಸ್ಥಾನಕ್ಕೆ ಮಿಕ್ಸಿ ಬಂದಿರುವುವು. ಕೈ ಬದಲಾಗಿಲ್ಲ. 2019ರಲ್ಲಿ ಭಾರತ ಸರ್ಕಾರವು ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 299 ನಿಮಿಷಗಳನ್ನೂ, ತೊಡಗಿದ ಗಂಡಸರು 97 ನಿಮಿಷಗಳನ್ನೂ ವ್ಯಯಮಾಡುವರೆಂದು ಕಂಡುಬಂದಿತು. ಅದು ಸಾಧಾರಣವಾದ ದಿನದ ಲೆಕ್ಕ. ಹತ್ತು ಮಂದಿ ನೆಂಟರು ಬಂದಿಳಿದ ದಿನದ್ದಲ್ಲ.

ಅತಿಥಿಸತ್ಕಾರವೇ ಗೃಹಿಣಿಯ ಧರ್ಮವಲ್ಲವೆ ಎಂದು ಕೇಳಬಹುದು. ಮೊದಲನೆಯದಾಗಿ, ನೆಂಟನು ಅತಿಥಿಯೇ ಅಲ್ಲ. ಒಂದು ರಾತ್ರಿ ಮಾತ್ರ ತಂಗುವವನು, ನಿಲುವು ನಿತ್ಯವಲ್ಲದವನು ಅತಿಥಿಯೆಂದು ಮನುವು ಆ ಶಬ್ದಕ್ಕೆ ಅರ್ಥ ಹೇಳಿ, ಸ್ನೇಹಿತನೂ ಬಂಧುವೂ ಗುರುವೂ ಆ ಹೆಸರಿಗೆ ಸಲ್ಲರೆಂದು ಸ್ಪಷ್ಟಪಡಿಸಿರುವನು. ಹದಿನೈದು ದಿನದ ಮಟ್ಟಿಗೆ ಪೆಟ್ಟಿಗೆ ತಂದಿಳಿದ ಭಾವಮೈದುನನು ಯಾವ ನ್ಯಾಯದಿಂದಲೂ ಅತಿಥಿಯಾಗಲಾರನು. ಅವನು ಮನೆಯವನು; ಮನೆಯವನಿಗೆ ಮನೆಯ ಕೆಲಸದಲ್ಲಿ ಪಾಲುಂಟು. ಎರಡನೆಯದಾಗಿ, ಮನೆಗೆ ಬಂದವರೂ ಬಂಧುಗಳೂ ಆಳುಕಾಳುಗಳೂ ಉಂಡ ಮೇಲೆ ಉಳಿದುದನ್ನು ದಂಪತಿಗಳು ಉಣ್ಣತಕ್ಕದ್ದೆಂದು ಅದೇ ಅಧ್ಯಾಯದ ವಿಧಿ. ಹೆಂಡತಿಯೊಬ್ಬಳೇ ಎಂದಲ್ಲ, ದಂಪತಿಗಳು ಎಂದು. ಮನುವಿನ ಮಾತೆಲ್ಲವೂ ಇಂದು ಗ್ರಾಹ್ಯವಲ್ಲ. ಸ್ತ್ರೀಯರ ವಿಷಯದಲ್ಲಂತೂ ಅವನ ಅನೇಕ ವಿಧಿಗಳು ಕಠೋರವಾದುವು. ಅಂತಹವನೇ ಕಡೆಯ ಪಂಕ್ತಿಯಲ್ಲಿ ಗಂಡನನ್ನೂ ಕೂರಿಸಿರುವಾಗ, ಯಜಮಾನರು ಮೊದಲನೆಯ ಪಂಕ್ತಿಯಲ್ಲಿ ನೆಂಟರ ಪಕ್ಕದಲ್ಲಿ ಕುಳಿತು ಬಲವಂತದ ಉಪಚಾರ ಹೇಳುವ ಪದ್ಧತಿಯು ಯಾವ ಸ್ಮೃತಿಯಿಂದ ಬಂದಿತೋ ತಿಳಿಯದು.

ಈ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾದ ತೊಡಕು ತವರುಮನೆಯದು. ವರ್ಷವೆಲ್ಲ ಅತ್ತೆಮನೆಯಲ್ಲಿ ದುಡಿದ ಹೆಣ್ಣುಮಗಳು ಬೇಸಗೆಯ ನಾಲ್ಕು ದಿನ ತವರಿಗೆ ಬರುವಳು. ತಾಯಿಯು ಅವಳನ್ನು ಒಂದು ಲೋಟ ತೊಳೆಯಲೂ ಬಿಡಳು. ಅವಳಿಗೆ ಆ ವಿಶ್ರಾಂತಿ ಸಲ್ಲತಕ್ಕದ್ದೇ. ಅದನ್ನು ಆಕ್ಷೇಪಿಸುವವನು ಹೃದಯಹೀನನು. ಆದರೆ ಒಬ್ಬಳ ತವರು ಇನ್ನೊಬ್ಬಳ ಅತ್ತೆಮನೆ. ಮಗಳು ಜಗಲಿಯಲ್ಲಿ ತಾಯಿಯ ಮಡಿಲಿಗೆ ತಲೆಯಿಟ್ಟು ಮಲಗಿರುವಾಗ ಒಳಗೆ ಸೊಸೆಯು ಸೀಕರಣೆಗೆ ಹಣ್ಣು ಹಿಂಡುತ್ತಿರುವಳು. ಸೊಸೆಯೂ ಎಲ್ಲಿಯೋ ಒಬ್ಬ ತಾಯಿಯ ಮಗಳು. ನಾದಿನಿಯ ಮಕ್ಕಳು ಹೊರಟ ಮೇಲೆಯೇ ಅವಳ ಪ್ರಯಾಣ. ಹೊರಡುವ ದಿನವು ಎರಡು ಸಲ ಮುಂದಕ್ಕೆ ಹೋಯಿತೆಂದರೆ ಅಷ್ಟರಲ್ಲಿ ಶಾಲೆಯ ಬಾಗಿಲು ತೆರೆಯುವುದು. ಇಲ್ಲಿ ಯಾರೂ ದುಷ್ಟರಲ್ಲ. ತಾಯಿಯದು ವಾತ್ಸಲ್ಯ, ಮಗಳದು ಬಳಲಿಕೆ, ಸೊಸೆಯದು ಸಂಕೋಚ. ಒಬ್ಬಳ ವಿಶ್ರಾಂತಿಯು ಇನ್ನೊಬ್ಬಳಿಂದ ಕಿತ್ತುಕೊಂಡದ್ದೆಂಬುದು ಮಾತ್ರ ಇದರಿಂದ ಸುಳ್ಳಾಗುವುದಿಲ್ಲ. ಇಬ್ಬರು ಹೆಂಗಸರ ನಡುವೆ ಈ ಲೆಕ್ಕವನ್ನು ಹಚ್ಚಿಕೊಟ್ಟು, ಆ ಮನೆಯ ಗಂಡುಮಕ್ಕಳೆಲ್ಲ ಲೆಕ್ಕದ ಹೊರಗೆ ಚಾಪೆ ಹಾಸಿಕೊಂಡಿರುವರೆಂಬುದೇ ಇದರಲ್ಲಿರುವ ಅನ್ಯಾಯ.

ಬಡಿಸಿ ತಣಿಸುವುದರಲ್ಲಿ ಗೃಹಿಣಿಗೆ ಸಂತೋಷವುಂಟು, ಅದನ್ನು ಕಸಿಯಬಾರದು ಎಂಬ ಮಾತೊಂದು ಬರುವುದು. ಸಂತೋಷವುಂಟೆಂಬುದು ಸುಳ್ಳಲ್ಲ. ಆದರೆ ಬೇಡವೆನ್ನುವ ದಾರಿ ತೆರೆದಿದ್ದಾಗ ಅಷ್ಟೆ ಅದು ಸಂತೋಷವೋ ಅಭ್ಯಾಸವೋ ಎಂಬುದು ತಿಳಿಯತಕ್ಕದ್ದು. ಆ ದಾರಿಯನ್ನು ಯಾರೂ ತೆರೆದು ನೋಡಿಲ್ಲ. ಗಂಡಸರಿಗೆ ಅಡಿಗೆ ಬಾರದೆಂಬ ನೆಪಕ್ಕಂತೂ ಉತ್ತರವೇ ಬೇಡ. ಮದುವೆಯ ಮನೆಯಲ್ಲಿ ಸಾವಿರ ಎಲೆಗೆ ಅಟ್ಟು ಬಡಿಸುವ ಭಟ್ಟರು ಗಂಡಸರೇ, ಉಡುಪಿಯ ಮಠದ ಪಾಕಶಾಲೆಯವರೂ ಗಂಡಸರೇ. ಸಂಭಾವನೆ ಸಿಕ್ಕುವ ಕಡೆ ಬರುವ ವಿದ್ಯೆಯು ಸ್ವಂತ ಮನೆಯ ಹೊಸಲಿನಲ್ಲಿ ಮರೆತುಹೋಗುವುದು ವಿಚಿತ್ರವೇ ಸರಿ.

ಅಡಿಗೆಯು ಅಷ್ಟು ದುಸ್ತರವೆಂದು ತೋರಿದರೆ ಯಜಮಾನನು ಮೊದಲು ಎಲೆ ಹಾಕಿ ನೀರು ಬಡಿಸಬಹುದು, ಎಂಜಲೆಲೆ ಎತ್ತಬಹುದು. ಎಲ್ಲರೂ ಎದ್ದ ಮೇಲೆ ಸ್ಮೃತಿಕಾರನು ಹೇಳಿದಂತೆ ಹೆಂಡತಿಯ ಪಕ್ಕದಲ್ಲಿ ಕಡೆಯ ಪಂಕ್ತಿಗೆ ಕುಳಿತುಕೊಳ್ಳಬಹುದು. ಸೀಕರಣೆಯು ಸಾಲದೆ ಹೋದ ದಿನ ಎಷ್ಟು ಸಾಲದೆ ಹೋಯಿತೆಂಬುದು ಆಗ ಅವನಿಗೂ ತಿಳಿಯುವುದು.