ಕಾಣದ ಕಂಬಕ್ಕೆ ಕೂಲಿ ಕೊಡುವವರಾರು?

ಯಾರ ಕಣ್ಣಿಗೂ ಬೀಳದ ಕೆಲಸವನ್ನು ಅಚ್ಚುಕಟ್ಟಾಗಿ ಏಕೆ ಮಾಡಬೇಕು? ಧರ್ಮೋಪದೇಶದ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ. "ದೇವರು ನೋಡುತ್ತಾರೆ" ಎಂದು ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಚಿಕ್ಕಂದಿನಲ್ಲಿ ನಾನೂ ಹಾಗೆಯೇ ಉತ್ತರಿಸಿ, ಸಂತ ಜೋಸೆಫರ ಪುಟ್ಟ ಚಿತ್ರವೊಂದನ್ನು ಬಹುಮಾನವಾಗಿ ಪಡೆದಿದ್ದೆ. ಆ ಉತ್ತರ ಸರಿಯೇ. ಆದರೆ ಅದು ಅರ್ಧ ಉತ್ತರ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ, ಮನೆಯ ಮೀನಿನ ತೊಟ್ಟಿಗೆ ಮರದ ಸ್ಟ್ಯಾಂಡ್ ಮಾಡಿಸುವಾಗ.

ನಮ್ಮ ಮನೆ ಇರುವುದು ದೊಡ್ಡಬಳ್ಳಾಪುರದಲ್ಲಿ. ನೇಕಾರರ ಬೀದಿ. ಗೋಡೆಯಾಚೆ ಪಕ್ಕದ ಮನೆಯಲ್ಲಿ ವಿದ್ಯುತ್ ಮಗ್ಗಗಳು ಬೆಳಗಿನಿಂದ ರಾತ್ರಿಯವರೆಗೆ ಆಡುತ್ತಿರುತ್ತವೆ. ಆ ಸದ್ದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಕರೆಂಟು ಹೋಗಿ ಮಗ್ಗ ನಿಂತಾಗಲೇ ಎಚ್ಚರವಾಗುವುದು. ಇಂಥ ಮನೆಯಲ್ಲಿ ಮಗಳ ಆಸೆಗೆ ಒಂದು ಮೀನಿನ ತೊಟ್ಟಿ ತಂದಿಟ್ಟಿದ್ದೆವು. ತೊಟ್ಟಿಯ ಜೊತೆ ಸ್ಟ್ಯಾಂಡನ್ನೂ ಒಂದು ಅಂಗಡಿಯಿಂದ ತಂದೆ. ಅಂಗಡಿಯವರು ಹೇಳಿದ ಬೆಲೆಗೆ ಚೌಕಾಸಿ ಮಾಡಿ, ಮೂರನೇ ಒಂದು ಭಾಗ ಇಳಿಸಿ, ಗೆದ್ದವನಂತೆ ಮನೆಗೆ ಬಂದಿದ್ದೆ. ನೋಡಲು ತೇಗದ ಮರದಂತೆಯೇ ಇತ್ತು. ಒಳಗಿದ್ದದ್ದು ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ.

ಮಳೆಗಾಲ ಬಂತು. ವಾರಕ್ಕೊಮ್ಮೆ ನೀರು ಬದಲಿಸುವಾಗ ಚೆಲ್ಲಿದ ಹನಿಗಳು ಹಲಗೆಯ ಅಂಚಿನಿಂದ ಒಳಗೆ ಇಳಿದವು. ಹಲಗೆ ಉಬ್ಬಿ, ಸ್ಕ್ರೂ ಹಿಡಿತ ಬಿಟ್ಟು, ಒಂದು ಮೂಲೆ ಸದ್ದಿಲ್ಲದೆ ಕುಸಿಯಿತು. ಒಂದು ರಾತ್ರಿ ಎರಡು ಗಂಟೆಗೆ ಗಾಜು ಒಡೆದ ಸದ್ದು. ಎದ್ದು ದೀಪ ಹಾಕಿದರೆ ಪಡಸಾಲೆಯ ತುಂಬ ನೀರು, ಗಾಜಿನ ಚೂರು. ಬಕೆಟ್ಟಿಗೆ ಹಾಕಿಕೊಂಡ ಮೀನುಗಳಲ್ಲಿ ಮೂರು ಉಳಿದವು. ಆ ತೊಟ್ಟಿಯ ಮುಂದೆಯೇ ಚಾಪೆ ಹಾಸಿಕೊಂಡು ನಮ್ಮ ಮಗಳು ಪ್ರತಿ ಸಂಜೆ ಶಾಲೆಯ ಲೆಕ್ಕ ಮಾಡುತ್ತಿದ್ದಳು. ರಾತ್ರಿ ಎರಡಕ್ಕೆ ಆದದ್ದು ಸಂಜೆ ಏಳಕ್ಕೆ ಆಗಿದ್ದರೆ? ಆ ರಾತ್ರಿ ನಾನು ದೇವರಿಗೆ ಕೃತಜ್ಞತೆ ಸಲ್ಲಿಸಿದೆ. ಬೆಳಗಾಗುತ್ತಲೇ ಅಂಗಡಿಯವರನ್ನು ಮನಸಾರೆ ಬೈದೆ.

ಕೆಲವು ತಿಂಗಳ ಮೇಲೆ ನನ್ನ ಭಾವಮೈದ ಮನೆ ಬದಲಿಸುವಾಗ ತನ್ನ ನಾಲ್ಕು ಅಡಿಯ ತೊಟ್ಟಿಯನ್ನು ನಮಗೆ ಕೊಟ್ಟ. ಈ ಬಾರಿ ಅಂಗಡಿಯ ಸಹವಾಸವೇ ಬೇಡವೆಂದು ನಮ್ಮ ಊರಿನ ಹಿರಿಯ ಆಚಾರ್ರನ್ನು ಕರೆಸಿದೆ. ಅವರು ಕ್ರೈಸ್ತರಲ್ಲ. ಆದರೂ ನಮ್ಮ ಧರ್ಮಕೇಂದ್ರದ ಹಬ್ಬದ ತೇರಿಗೆ ಮರದ ಅಟ್ಟ ಕಟ್ಟಿಕೊಟ್ಟವರು ಅವರೇ. ಹೂವು, ಬಟ್ಟೆ, ದೀಪಗಳ ಅಡಿಯಲ್ಲಿ ಆ ಅಟ್ಟ ಯಾರಿಗೂ ಕಾಣುವುದಿಲ್ಲ.

ಆಚಾರ್ರು ತೊಟ್ಟಿಯನ್ನು ಅಳೆದರು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. "ಸಾರ್, ಇದಕ್ಕೆ ಎಷ್ಟು ನೀರು ಹಿಡಿಯುತ್ತೆ ಗೊತ್ತಾ?" ಎಂದರು. ಲೆಕ್ಕ ಹಾಕಿದೆವು. ಅಂಚಿನವರೆಗೆ ತುಂಬಿದರೆ ಸುಮಾರು 340 ಲೀಟರ್. ಸ್ವಲ್ಪ ಜಾಗ ಬಿಟ್ಟರೂ 300 ಲೀಟರಿಗೆ ಕಡಿಮೆಯಿಲ್ಲ, ಅಂದರೆ 300 ಕಿಲೋ. ಗಾಜು 60 ಕಿಲೋ. ತಳದ ಮರಳು ಕಲ್ಲು ಸೇರಿದರೆ ಒಟ್ಟು 400 ಕಿಲೋ ದಾಟುತ್ತದೆ. "ಎಂಟು ಮೂಟೆ ಸಿಮೆಂಟು! ಅದೂ ಹಗಲು ರಾತ್ರಿ ಇಳಿಯದೆ ನಿಂತಿರೋ ಭಾರ" ಎಂದರು ಅವರು. ನೀರನ್ನು ನಾವು ಹಗುರವೆಂದು ಭಾವಿಸುತ್ತೇವೆ. 2022ರ ಡಿಸೆಂಬರ್ 16ರ ಮುಂಜಾನೆ ಬರ್ಲಿನ್ ನಗರದ ಹೋಟೆಲೊಂದರಲ್ಲಿ ಸುಮಾರು ಹತ್ತು ಲಕ್ಷ ಲೀಟರಿನ ಮೀನಿನ ತೊಟ್ಟಿ ಒಡೆದಾಗ ನೀರು ಬಾಗಿಲುಗಳನ್ನು ಕಿತ್ತುಕೊಂಡು ಬೀದಿಗೆ ನುಗ್ಗಿತು. ಜನ ಓಡಾಡದ ಹೊತ್ತಾದ್ದರಿಂದ ಇಬ್ಬರಿಗೆ ಸಣ್ಣ ಗಾಯವಾದದ್ದು ಬಿಟ್ಟರೆ ಮನುಷ್ಯ ಪ್ರಾಣಕ್ಕೆ ಅಪಾಯವಾಗಲಿಲ್ಲ.

ಆಚಾರ್ರು ಕೆಲಸದ ರೀತಿಯನ್ನು ವಿವರಿಸಿದರು. "ಸ್ಕ್ರೂ ಮೇಲೆ ಭಾರ ಹಾಕಬಾರದು ಸಾರ್. ಮರದ ಮೇಲೆ ಮರ ಕೂರಬೇಕು. ಮೇಲಿನ ಚೌಕಟ್ಟು ಕಂಬದ ತಲೆ ಮೇಲೇ ಕೂರಬೇಕು, ಕಂಬ ನೆಲ ಮುಟ್ಟಬೇಕು. ಸ್ಕ್ರೂ ಇರೋದು ಜರುಗದ ಹಾಗೆ ಹಿಡಿದುಕೊಳ್ಳೋಕೆ ಅಷ್ಟೆ." ನಾಲ್ಕು ಮೂಲೆಗೆ ನಾಲ್ಕು ಕಂಬ, ನಡುವೆ ಎರಡು. ಹಳೆಯ ಮನೆ ಕೆಡವಿದಾಗ ಸಿಕ್ಕ ಹೊನ್ನೆಯ ಮರ, ಚೆನ್ನಾಗಿ ಒಣಗಿ ಪಳಗಿದ್ದು. ಮೇಲಿನ ಹಲಗೆಗೆ ಐಎಸ್ 710 ಗುರುತಿನ, ನೀರು ತಡೆಯುವ ಪ್ಲೈವುಡ್. ಹಿಂಬದಿಗೆ ಪೂರ್ತಿ ಒಂದು ಹಲಗೆ. ಮಗ್ಗದ ಅದುರಿಗೆ ಸ್ಟ್ಯಾಂಡು ಅಕ್ಕಪಕ್ಕಕ್ಕೆ ವಾಲದಂತೆ ಹಿಡಿಯುವುದು ಅದೇ. ಕೊನೆಗೆ ರಸಮಟ್ಟ ಇಟ್ಟು ನೋಡಿ, ಗಾಜಿನ ಅಡಿಗೆ ಥರ್ಮೋಕೋಲ್. ಒಂದು ಮೂಲೆ ಕೊಂಚ ತಗ್ಗಿದ್ದರೂ ಗಾಜು ತಿರುಚಿಕೊಂಡು ಅಂಟು ಬಿಡುತ್ತದೆಯಂತೆ.

ಎಲ್ಲ ಸೇರಿ 18,000 ರೂಪಾಯಿ ಎಂದರು. ಪ್ರಿಯ ಓದುಗರೇ, ಗಾಜು ಒಡೆದ ಆ ರಾತ್ರಿಯನ್ನು ಕಂಡಿದ್ದ ನಾನು ಆಗ ಏನು ಹೇಳಿದೆ ಊಹಿಸಬಲ್ಲಿರಾ? "14,000ಕ್ಕೆ ಮಾಡಿಕೊಡಿ ಆಚಾರ್ರೆ" ಎಂದೆ!

ಅವರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಬಹುದು ಸಾರ್. ಏನು ಬಿಡಲಿ ಅಂತ ನೀವೇ ಹೇಳಿ. ಹೊರಗಿನ ಹೊಳಪಿನ ಹಾಳೆ ಬಿಟ್ಟರೆ ನಿಮ್ಮ ಕಣ್ಣಿಗೆ ಬೀಳುತ್ತೆ, ಬೇಡ ಅಂತೀರಿ. ನಡುವಿನ ಕಂಬ ಬಿಟ್ಟರೆ, ಹಿಂದಿನ ಹಲಗೆ ತೆಳು ಮಾಡಿದರೆ ನಿಮಗೆ ಗೊತ್ತೇ ಆಗಲ್ಲ. ಎಲ್ಲರೂ ಅದನ್ನೇ ತಾನೇ ಬಿಡೋದು?" ಎಂದರು.

ಆ ಮಾತು ನೆಟ್ಟಗೆ ನನ್ನ ಎದೆಗೆ ತಾಗಿತು. ಅಂಗಡಿಯವರನ್ನು ಬೈದಿದ್ದೆನಲ್ಲ, ಅವರ ಸ್ಟ್ಯಾಂಡಿನಲ್ಲಿ ಇಲ್ಲದ ಕಂಬಗಳು ಎಲ್ಲಿ ಹೋದವು? ನಾನು ಇಳಿಸಿದ ಮೂರನೇ ಒಂದು ಭಾಗದ ಜೊತೆಗೇ ಹೋದವೋ ಏನೋ! ಕಾಣುವುದಕ್ಕೆ ಮಾತ್ರ ಹಣ ಕೊಡುತ್ತೇನೆ ಎಂಬವನಿಗೆ ಕಾಣುವುದಷ್ಟೇ ಸಿಕ್ಕುತ್ತದೆ. ಅಂಗಡಿಯವರ ತಪ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಭಾರ ಹೊರಲಾರದ್ದನ್ನು ಹೊರುತ್ತದೆ ಎಂದು ಮಾರುವುದು ಸುಳ್ಳೇ. ಆದರೆ ಆ ಸುಳ್ಳಿನ ಬೆಲೆಯನ್ನು ಅವರೊಂದಿಗೆ ಕುಳಿತು ಗೊತ್ತುಮಾಡಿದವನು ನಾನು.

"ದೇವರು ನೋಡುತ್ತಾರೆ" ಎಂಬ ಉತ್ತರ ಅರ್ಧ ಎಂದು ನಾನು ಹೇಳುವುದು ಇದಕ್ಕೇ. ನಾವು ಆ ಮಾತನ್ನು ಸಾಮಾನ್ಯವಾಗಿ ಕೆಲಸ ಮಾಡುವವನ ಕಡೆಗೆ ಮಾತ್ರ ತಿರುಗಿಸುತ್ತೇವೆ. ಬಡಗಿಯ ಉಳಿಯನ್ನು, ಗಾರೆಯವನ ಕರಣೆಯನ್ನು ದೇವರು ನೋಡುತ್ತಾರೆ ಎನ್ನುತ್ತೇವೆ. ಮಾಡಿಸುವವನ ಜೇಬನ್ನು ದೇವರು ನೋಡುವುದಿಲ್ಲವೇ? ಕಾಣದ ಕಂಬ ನೆಟ್ಟಗೆ ನಿಲ್ಲಬೇಕಾದರೆ ಎರಡು ಮನಸ್ಸಾಕ್ಷಿಗಳು ಬೇಕು. ಮಾಡುವವನದು ಒಂದು, ಕೂಲಿ ಕೊಡುವವನದು ಇನ್ನೊಂದು.

ಶುಭಸಂದೇಶದಲ್ಲಿ ನಜರೇತಿನ ಜನ ಯೇಸುಸ್ವಾಮಿಯನ್ನು ಬಡಗಿ ಎಂದೂ ಬಡಗಿಯ ಮಗನೆಂದೂ ಗುರುತಿಸುತ್ತಾರೆ. ಅವರು ಏನೇನು ಮಾಡುತ್ತಿದ್ದರು? ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನರು, ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾರೆ. ನೊಗದ ಬಗ್ಗೆ ನಮ್ಮ ರೈತಾಪಿ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ನೊಗ ಮಾಡುವವನು ಬಡಗಿ, ಹಣ ಕೊಡುವವನು ರೈತ, ಹೊರುವುದು ಎತ್ತು. ಒಳಬದಿ ನುಣುಪಾಗಿಲ್ಲದಿದ್ದರೆ ಹೆಗಲು ಹುಣ್ಣಾಗುವುದು ಎತ್ತಿಗೆ. ಅದು ಚೌಕಾಸಿಗೆ ಕುಳಿತಿರಲಿಲ್ಲ; ದೂರು ಹೇಳಲು ಅದಕ್ಕೆ ಬಾಯಿಯೂ ಇಲ್ಲ.

ಬಹುಪಾಲು ಕೆಲಸಗಳಲ್ಲಿ ಹೀಗೆ ಒಬ್ಬ ಮೂರನೆಯವನಿರುತ್ತಾನೆ. ಅಂಗಡಿಯಲ್ಲಿ ನಾನು ಮತ್ತು ಅಂಗಡಿಯವರು ವ್ಯಾಪಾರ ಮುಗಿಸಿ ಇಬ್ಬರೂ ಖುಷಿಯಾಗಿದ್ದೆವು. ಚಾಪೆಯ ಮೇಲೆ ಕೂರುವ ಮಗಳು ಆ ವ್ಯಾಪಾರದಲ್ಲಿರಲಿಲ್ಲ. ಕಾಣದ ಕೆಲಸವನ್ನು ಸರಿಯಾಗಿ ಮಾಡಬೇಕಾದ, ಮಾಡಿಸಬೇಕಾದ ಕಾರಣ ಆ ಮೂರನೆಯವನು. ದೇವರು ನೋಡುತ್ತಾರೆಂಬುದು ನಿಜ; ಅವರು ನೋಡುವುದು ಮೇಲಿನಿಂದ ತಪ್ಪು ಹುಡುಕುವ ಅಧಿಕಾರಿಯಂತೆ ಅಲ್ಲ, ಆ ಚಾಪೆಯ ಮೇಲೆ ಕುಳಿತವರ ಜಾಗದಿಂದ. ಈ ಚಿಕ್ಕವರಿಗೆ ಮಾಡಿದ್ದು ತಮಗೇ ಮಾಡಿದ್ದೆಂದು ಪ್ರಭು ತಿಳಿಸಿಲ್ಲವೇ?

"ಆಚಾರ್ರು ಒಪ್ಪಿದ್ದರಲ್ಲ, ಒಪ್ಪಿದ ಮೇಲೆ ಅನ್ಯಾಯವೆಲ್ಲಿ?" ಎಂದು ಯಾರಾದರೂ ಕೇಳಬಹುದು. ಜಗದ್ಗುರು 13ನೇ ಲಿಯೋ 1891ರ ಮೇ 15ರಂದು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪರಿಪತ್ರದಲ್ಲಿ ಇದಕ್ಕೆ ಉತ್ತರವಿದೆ. ಬೇರೆ ದಾರಿಯಿಲ್ಲದೆ ಕಡಿಮೆ ಕೂಲಿಗೆ ಒಪ್ಪಿದವನ ಒಪ್ಪಿಗೆ ನ್ಯಾಯವನ್ನು ಪೂರೈಸುವುದಿಲ್ಲ. ಒಪ್ಪಂದಕ್ಕಿಂತ ಮೇಲೆ ಸಹಜ ನ್ಯಾಯವೊಂದಿದೆ ಎಂಬುದು ಅದರ ಬೋಧನೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ ತಾವು ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣ ಆ ಪತ್ರವನ್ನು ಬರೆದ ಜಗದ್ಗುರುವೇ ಎಂದು ತಿಳಿಸಿದ್ದಾರೆ. 1955ರಲ್ಲಿ ಜಗದ್ಗುರು 12ನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ಆ ದಿನ ನಾವು ಸಂತ ಜೋಸೆಫರ ಸ್ವರೂಪಕ್ಕೆ ಹಾರ ಹಾಕುತ್ತೇವೆ; ಮರುದಿನ ಬಡಗಿಯ ಕೂಲಿಯಲ್ಲಿ ಚೌಕಾಸಿಗೆ ಇಳಿಯುತ್ತೇವೆ!

ಹಾಗಾದರೆ ಹಣವಿಲ್ಲದವರು ಏನು ಮಾಡಬೇಕು? ನಮ್ಮಲ್ಲಿ ಹೆಚ್ಚಿನವರು ಲೆಕ್ಕ ಹಾಕಿ ಬದುಕುವವರೇ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂಬ ಪ್ರಭುವಿನ ಮಾತನ್ನು ಸಂತ ಲೂಕರು ದಾಖಲಿಸಿದ್ದಾರೆ. ಎಣಿಸಿದಾಗ ಹಣ ಸಾಲದಿದ್ದರೆ ಆಸೆಯನ್ನು ಕುಗ್ಗಿಸಬೇಕೇ ಹೊರತು ಅಡಿಪಾಯವನ್ನಲ್ಲ. ನಮ್ಮ ಮನೆಯಲ್ಲಿ ಈ ಬುದ್ಧಿ ಮೊದಲು ಬಂದದ್ದು ನನ್ನ ಹೆಂಡತಿಗೆ. "ಹೊಳಪಿನ ಹಾಳೆಯೂ ಬೇಡ, ಕೆತ್ತನೆಯ ಬಾಗಿಲೂ ಬೇಡ ಆಚಾರ್ರೆ. ಮುಂದಕ್ಕೆ ನಾನೊಂದು ಪರದೆ ಹೊಲಿದು ಹಾಕ್ತೀನಿ. ಒಳಗಿನದು ಒಂದೂ ಬಿಡಬೇಡಿ" ಎಂದಳು. ಆಚಾರ್ರು ತಾವೇ ಲೆಕ್ಕ ಹಾಕಿ 15,500 ಎಂದರು. ಈ ಸಲ ನಾನು ಬಾಯಿ ತೆರೆಯಲಿಲ್ಲ.

ಆ ಮೇಲೆ ನನ್ನ ಕಣ್ಣು ಬೇರೆ ಕಡೆಗೂ ಹೋಯಿತು. ಮದುವೆಯ ಛತ್ರಕ್ಕೆ, ಊಟಕ್ಕೆ, ಫೋಟೋಗಳಿಗೆ ಸಾಲ ಮಾಡಿ ಸುರಿಯುತ್ತೇವೆ. ವಿವಾಹ ಸಿದ್ಧತೆಯ ಶಿಬಿರಕ್ಕೆ ಹೋಗಲು ಬಿಡುವಿಲ್ಲ ಎನ್ನುತ್ತೇವೆ. ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಬಿಳಿಯ ಉಡುಪು ಹೊಲಿಸಲು ಮೂರು ಸಲ ಅಂಗಡಿಗೆ ಅಲೆಯುತ್ತೇವೆ. ಮಕ್ಕಳೊಂದಿಗೆ ಕುಳಿತು ಜಪಸರ ಮಾಡಲು ಹೊತ್ತಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವ ತಾಯಿ, ಮೂಲೆಯ ಮಂಚದಲ್ಲಿ ಕುಳಿತು ಎಲ್ಲರಿಗಾಗಿ ಪ್ರಾರ್ಥಿಸುವ ಅಜ್ಜಿ, ಭಾನುವಾರದ ಬಿಡುವನ್ನು ಕೊಟ್ಟು ಧರ್ಮೋಪದೇಶ ಕಲಿಸುವ ಶಿಕ್ಷಕಿ, ಇವರೆಲ್ಲ ಕಾಣದ ಕಂಬಗಳು. ಇವರಿಗೆ ನಾವು ಕೊಡಬೇಕಾದ ಗಮನದಲ್ಲೂ, ಮಾತಿನಲ್ಲೂ, ಕೃತಜ್ಞತೆಯಲ್ಲೂ ಚೌಕಾಸಿ ಮಾಡುತ್ತೇವೆ. ಮನೆ ಎದ್ದು ನಿಂತಿದೆಯಲ್ಲ, ಇನ್ನೇನು ಎಂಬುದು ನಮ್ಮ ಧೈರ್ಯ. ಮೂಲೆ ಕುಸಿಯುವಾಗ ಸದ್ದಾಗುವುದಿಲ್ಲ ಎಂಬುದನ್ನು ಮರೆಯುತ್ತೇವೆ.

ಸ್ಟ್ಯಾಂಡ್ ಸಿದ್ಧವಾದ ದಿನ ಆಚಾರ್ರು ಅರ್ಧ ತೊಟ್ಟಿ ಮಾತ್ರ ತುಂಬಿಸಲು ಹೇಳಿದರು. ಮರುದಿನ ಬೆಳಿಗ್ಗೆ ತಾವಾಗಿಯೇ ಬಂದು, ಪರದೆ ಸರಿಸಿ, ಮೊಣಕಾಲೂರಿ ಒಳಗೆ ತಲೆ ಹಾಕಿ ಪ್ರತಿ ಕಂಬವನ್ನೂ ಕೈಯಿಂದ ಸವರಿ ನೋಡಿದರು. ಮತ್ತೆ ರಸಮಟ್ಟ ಇಟ್ಟರು. ಪಕ್ಕದ ಮನೆಯ ಮಗ್ಗ ಆಡುತ್ತಿತ್ತು. ನೀರಿನ ಮೇಲೆ ಸಣ್ಣ ಅಲೆಯೂ ಏಳಲಿಲ್ಲ. "ಇನ್ನು ತುಂಬಿಸಿ" ಎಂದರು.

ಈಗ ಸಂಜೆ ಏಳಕ್ಕೆ ಮಗಳು ಮತ್ತೆ ಅದೇ ಜಾಗದಲ್ಲಿ ಚಾಪೆ ಹಾಸಿಕೊಳ್ಳುತ್ತಾಳೆ. ಪರದೆಯ ಹಿಂದೆ ಎಷ್ಟು ಕಂಬಗಳಿವೆ ಎಂದು ಅವಳಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಈ ವಾರ ಆತ್ಮಶೋಧನೆಗೆ ಕುಳಿತಾಗ ನಾವು ಪ್ರತಿಯೊಬ್ಬರೂ ಇಷ್ಟು ಕೇಳಿಕೊಳ್ಳೋಣ: ನಾನು ಚೌಕಾಸಿ ಮಾಡಿ ಉಳಿಸಿದ ಹಣದ ಭಾರವನ್ನು ಈಗ ಯಾರು ಹೊರುತ್ತಿದ್ದಾರೆ? ಒಂದು ಮಾತನ್ನೂ ಆಡದೆ ತಿರುಕುಟುಂಬದ ಭಾರ ಹೊತ್ತ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ.