ದೂರದಿಂದ ಎಲ್ಲವೂ ಹದ್ದೇ

ಹಾರೋ ಹದ್ದು, ಗಿಡುಗಗಳನ್ನ ಗುರುತಿಸೋದು ಕಲಿಯೋಕೆ ಶುರುಮಾಡಿ ಮೂರು ವರ್ಷ ಆಯ್ತು. ಈಗಲೂ ಎಷ್ಟೋ ಸಲ ತಪ್ಪು ಹೇಳ್ತೀನಿ. ಹವ್ಯಾಸದ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತೆ. ಬರೀತಾ ಬರೀತಾ ಒಂದು ಹಳೇ ತಪ್ಪು ಎದುರಿಗೆ ಬಂದು ನಿಂತಿದೆ. ಅದನ್ನೂ ಹೇಳಿಬಿಡ್ತೀನಿ.

ನಮ್ಮೂರು ಬಂಗಾರಪೇಟೆ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ಮೂರು ಭಾಷೆ ಓಡಾಡುತ್ತೆ. ಕನ್ನಡದಲ್ಲಿ ಹದ್ದು, ತೆಲುಗಿನಲ್ಲಿ ಗದ್ದ, ಕೆಜಿಎಫ್ ಕಡೆ ಹೋದರೆ ತಮಿಳಿನಲ್ಲಿ ಪರುಂದು. ಪದ ಮೂರಿದ್ದರೂ ನಮ್ಮ ಕಣ್ಣಿಗೆ ಹಕ್ಕಿ ಇದ್ದದ್ದು ಒಂದೇ. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ ಕಂಡರೆ ಮಾತ್ರ ಅದು ಗರುಡ, ಕೆನ್ನೆ ಬಡ್ಕೊಂಡು ಕೈ ಮುಗೀತಿದ್ವಿ. ಮಿಕ್ಕಿದ್ದೆಲ್ಲ ಹದ್ದು, ಅಂದರೆ ಕೋಳಿಮರಿ ಕಳ್ಳ. ಕಂಡ ಕೂಡಲೇ ಕಲ್ಲು. ಮರಿ ಗರುಡವೂ ಹದ್ದಿನ ಹಾಗೇ ಕಂದು ಬಣ್ಣಕ್ಕಿರುತ್ತೆ ಅಂತ ನನಗೆ ಗೊತ್ತಾಗಿದ್ದು ಈಚೆಗೆ. ದೊಡ್ಡದಾದ ಮೇಲೆ ಕೈ ಮುಗಿಸಿಕೊಳ್ಳೋ ಹಕ್ಕಿಗೆ ಚಿಕ್ಕಂದಿನಲ್ಲಿ ನಾವು ಎಷ್ಟು ಕಲ್ಲು ಬೀರಿದ್ದೀವೋ!

ನನಗೆ ಕಲಿಸಿದವರು ರೈಲಿನಲ್ಲಿ ಸಿಕ್ಕವರು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಬೆಳಗಿನ ರೈಲಿಗೆ ಅವರು ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದರು, ನಾನು ಬಂಗಾರಪೇಟೆಯಲ್ಲಿ. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಅವರಿಗೆ ಮೂವತ್ತು ವರ್ಷ. ಆಮೇಲೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವೈರಿಂಗ್ ಕೆಲಸ. ಕಿಟಕಿ ಪಕ್ಕ ಕೂತು ಹೊರಗೆ ನೋಡ್ತಾ ಒಂದು ಸಣ್ಣ ಪುಸ್ತಕದಲ್ಲಿ ಏನೋ ಗೀಚ್ತಿದ್ರು. ಚೀಟಿ ಲೆಕ್ಕ ಇರಬೇಕು ಅಂದ್ಕೊಂಡಿದ್ದೆ. ನೋಡಿದರೆ ಹಕ್ಕಿ ಲೆಕ್ಕ. ಅವರು ನನಗೆ ಅಣ್ಣ, ನಾನು ಅವರಿಗೆ ತಂಬಿ.

ನಮ್ಮ ಭಾನುವಾರದ ಪಾಠಶಾಲೆ ಚಾಂಪಿಯನ್ ರೀಫ್ಸ್‌ನ ಸೈನೈಡ್ ದಿಬ್ಬದ ಪಕ್ಕದ ಬಯಲು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿ ಅದು. ಬಿಸಿಲೇರಿದಂತೆ ಬೋಳು ದಿಬ್ಬ ಕಾದು, ಬಿಸಿಗಾಳಿ ಮೇಲೇಳುತ್ತೆ. ಹಕ್ಕಿಗಳು ಆ ಗಾಳಿ ಹಿಡಿದು ರೆಕ್ಕೆ ಬಡಿಯದೇ ಸುತ್ತು ಹಾಕ್ತಾ ಏರ್ತವೆ.

"ಬಣ್ಣ ನೋಡ್ಬೇಡ ತಂಬಿ. ಸೂರ್ಯಂಗೆ ಅಡ್ಡ ಬಂದ್ರೆ ಎಲ್ಲಾ ಕಪ್ಪೇ" ಅನ್ನೋದು ಅಣ್ಣನ ಮೊದಲ ಪಾಠ. ಬಣ್ಣ ಬಿಟ್ಟು ಆಕಾರ ನೋಡಬೇಕು, ಆಕಾರಕ್ಕಿಂತ ಹೆಚ್ಚಾಗಿ ನಡವಳಿಕೆ. ಮಾಮೂಲಿ ಹದ್ದಿನ ಬಾಲದ ತುದಿ ಕವಲು, ಹಾರುವಾಗ ದೋಣಿಯ ಚುಕ್ಕಾಣಿ ಥರ ಬಾಲ ತಿರುಚ್ತಾ ಇರುತ್ತೆ. ಗರುಡನ ಬಾಲದ ತುದಿ ದುಂಡಗೆ. ಶಿಕ್ರಾಕ್ಕೆ ಗಿಡ್ಡ ಅಗಲ ರೆಕ್ಕೆ, ಉದ್ದ ಬಾಲ. ನಾಲ್ಕು ಸಲ ಪಟಪಟ ಬಡಿದು ಒಂದಿಷ್ಟು ದೂರ ತೇಲುತ್ತೆ. ಚಳಿಗಾಲಕ್ಕೆ ಉತ್ತರದಿಂದ ಬರೋ ಹ್ಯಾರಿಯರ್ ಹಕ್ಕಿ ಹೊಲದ ಮೇಲೆ ತೀರಾ ತಗ್ಗಿನಲ್ಲಿ, ರೆಕ್ಕೆ ಎತ್ತಿ ಹಿಡಿದು, ಏನೋ ಕಳ್ಕೊಂಡವರು ಹುಡುಕೋ ಹಾಗೆ ಹೋಗುತ್ತೆ. ಇಷ್ಟು ಕಲಿತ ಮೇಲೂ ಮೋಸ ಹೋಗ್ತೀವಿ. ಹದ್ದು ಬಾಲ ಪೂರ್ತಿ ಬಿಚ್ಚಿದರೆ ಆ ಕವಲೇ ಕಾಣಲ್ಲ. ಒಂದು ನೋಟಕ್ಕೆ ಹೆಸರು ಹೇಳಿಬಿಟ್ಟರೆ ಅಣ್ಣ ಸುಮ್ಮನೆ ನನ್ನ ಮುಖ ನೋಡೋರು. ನಾನು ಮತ್ತೆ ಬೈನಾಕ್ಯುಲರ್ ಎತ್ತಬೇಕು.

ಒಂದು ಭಾನುವಾರ ಬಯಲಿನ ಮೇಲೆ ಬೂದಿಬಿಳಿ ಬಣ್ಣದ ಹಕ್ಕಿಯೊಂದು ಗಾಳಿಯಲ್ಲಿ ನಿಂತಲ್ಲೇ ನಿಂತು ರೆಕ್ಕೆ ಬಡೀತಿತ್ತು. ಕಾಗೆಗಿಂತ ಚಿಕ್ಕದು, ಭುಜದ ಮೇಲೆ ಕಪ್ಪು ಪಟ್ಟಿ, ಕೆಂಪು ಕಣ್ಣು. ರಾಮದಾಸ ಹದ್ದು. "ಇದು ಇಲಿ ಗಿರಾಕಿ. ರೈತನ ಕಡೆಯವನು" ಅಂದರು ಅಣ್ಣ. ನನಗೆ ಮಾತು ಹೊರಡಲಿಲ್ಲ. ಆ ಕಣ್ಣನ್ನ ನಾನು ಮೊದಲೇ, ತುಂಬಾ ಹತ್ತಿರದಿಂದ ನೋಡಿದ್ದೆ.

ನನಗಾಗ ಹನ್ನೊಂದು ವರ್ಷ. ಅಜ್ಜಿಯ ಕೋಳಿಮರಿಗಳು ಒಂದೊಂದಾಗಿ ಮಾಯ ಆಗ್ತಿದ್ವು. ಹೊಲದ ಬದುವಿನ ಜಾಲಿಮರದಲ್ಲಿ ಹದ್ದಿನ ಗೂಡು ಇದೆ ಅಂತ ಯಾರೋ ಹೇಳಿದರು. ನಾನೇ ಹತ್ತಿದೆ. ಮುಳ್ಳಿಗೆ ಮೈಯೆಲ್ಲ ಗೀರಿತ್ತು. ತಲೆ ಮೇಲೆ ಎರಡು ಬಿಳಿ ಹಕ್ಕಿಗಳು ಕೂಗ್ತಾ ಎರಗ್ತಾ ಇದ್ವು. ಅದರಲ್ಲಿ ಒಂದರ ಕೆಂಪು ಕಣ್ಣು ನೋಡಿ ಹೆದರಿದ್ದು ಈಗಲೂ ನೆನಪಿದೆ. ಗೂಡಿನಲ್ಲಿ ಎರಡು ಮರಿ, ಪಕ್ಕದಲ್ಲಿ ಒಂದು ಇಲಿಯ ಬಾಲ. ಒಂದೇ ಒಂದು ಕೋಳಿ ಪುಕ್ಕ ಇರಲಿಲ್ಲ. ಗೂಡು ಕಿತ್ತು ಕೆಳಕ್ಕೆ ಎಸೆದೆ. ಅಜ್ಜಿ ನನಗೊಂದು ಮೊಟ್ಟೆ ಬೇಯಿಸಿ ಕೊಟ್ಟಳು.

'ಚಿಕ್ಕ ಹುಡುಗ, ಗೊತ್ತಿರಲಿಲ್ಲ' ಅಂತ ನನಗೆ ನಾನೇ ಹೇಳಿ ನೋಡಿದೆ. ಆದರೆ ಆ ಇಲಿಯ ಬಾಲ ಬಿಡಲ್ಲ. ಮಾಹಿತಿ ನನ್ನ ಕೈಯಳತೆಯಲ್ಲೇ ಇತ್ತು. ಮರ ಹತ್ತೋಕೆ ಮುಂಚೆಯೇ ಹೆಸರು ಇಟ್ಟಾಗಿತ್ತು, ಹತ್ತಿದ ಮೇಲೆ ಕಂಡದ್ದು ಯಾವುದೂ ಆ ಹೆಸರನ್ನ ಅಲುಗಿಸಲಿಲ್ಲ. ಹತ್ತಿರದಿಂದ ನೋಡಿಯೂ ದೂರದ ಹೆಸರನ್ನೇ ಉಳಿಸಿಕೊಂಡೆ. ತಪ್ಪು ಹೆಸರಿನ ವಿಚಿತ್ರ ಏನಂದ್ರೆ, ಇಟ್ಟವನಿಗೆ ಅದರಿಂದ ಏನೂ ನಷ್ಟ ಇಲ್ಲ. ನನಗೆ ಮೊಟ್ಟೆ ಸಿಕ್ತು.

ಇದನ್ನ ಅಣ್ಣನಿಗೆ ಹೇಳಿದಾಗ ಅವರು ನೇರ ಉತ್ತರ ಕೊಡಲಿಲ್ಲ. ಗಣಿ ಕಡೆ ಕೈ ತೋರಿಸಿ, "ಕೆಳಗೆ ಸೈಂಟಿಸ್ಟುಗಳು ಏನು ಮಾಡಿದ್ರು ಗೊತ್ತಾ?" ಅಂದರು. 1965ರಲ್ಲಿ ಇದೇ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳ ಗುರುತು ಹಿಡಿದರು. ನ್ಯೂಟ್ರಿನೋ ನೇರವಾಗಿ ಕಾಣಲ್ಲ. ಅದು ಬಂಡೆಗೆ ಬಡಿದಾಗ ಹುಟ್ಟೋ ಮ್ಯೂಆನ್ ಅನ್ನೋ ಕಣದ ಜಾಡು ಮಾತ್ರ ಸಿಗುತ್ತೆ. ಆದರೆ ಆಕಾಶದಿಂದ ಸುರಿಯೋ ಬೇರೆ ಮ್ಯೂಆನ್‌ಗಳ ಜಾಡೂ ಹಾಗೇ ಇರುತ್ತೆ. ಅದಕ್ಕೇ ಅಷ್ಟು ಆಳಕ್ಕೆ ಇಳಿದದ್ದು. ಮೇಲಿನ ಬಂಡೆ ಬೇರೆಯವನ್ನ ಬಹುಪಾಲು ತಡೆಯುತ್ತೆ, ತೂರಿ ಬಂದವೂ ಹೆಚ್ಚುಕಮ್ಮಿ ನೆಟ್ಟಗೆ ಕೆಳಕ್ಕೇ ಬರ್ತವೆ. ಅಡ್ಡಡ್ಡ ಹೋದ ಜಾಡು ಸಿಕ್ಕರೆ ಮಾತ್ರ ನ್ಯೂಟ್ರಿನೋ ಹೆಸರು ಹೇಳಬಹುದು. ಅಂದರೆ ಒಂದು ಹೆಸರು ಹೇಳೋ ಮುಂಚೆ ಬೇರೆ ಹೆಸರುಗಳನ್ನೆಲ್ಲ ತಳ್ಳಿಹಾಕೋಕೆ ಅವರು ಎರಡು ಕಿಲೋಮೀಟರಿಗೂ ಹೆಚ್ಚು ಇಳಿದಿದ್ದರು. ಅಣ್ಣನ ಅಪ್ಪ ಆ ಕಾಲದಲ್ಲಿ ಅದೇ ಗಣಿಗೆ ದಿನಾ ಇಳೀತಿದ್ದರಂತೆ.

ಸರಿ, ಚೆನ್ನಾಗಿದೆ. ಆದರೆ ವಿಜ್ಞಾನಿಗಳಿಗೆ ಟೈಮ್ ಇತ್ತು, ನಮ್ಮಜ್ಜಿಗೆ ಇರಲಿಲ್ಲ. ಹಿಂದೊಮ್ಮೆ ನಾನು ಬೈನಾಕ್ಯುಲರ್ ಹಿಡಿದು ಅಂಗಳದಲ್ಲಿ ನಿಂತಾಗ ಅವಳೇ ಅಂದಿದ್ದಳು, "ನೀನು ಯಾವ ಹದ್ದು ಅಂತ ನೋಡೋ ಒತ್ಗೆ ಮರಿ ಓಗ್ಬುಟ್ಟಿರ್ತದೆ ಕಣ್ಲಾ." ಇದು ತಮಾಷೆಯ ಮಾತಲ್ಲ. ನಾಲ್ಕು ಕೋಳಿ ನಂಬಿಕೊಂಡ ಮನೆಗೆ ಆರು ಮರಿ ಹೋದರೆ ನಿಜವಾದ ನಷ್ಟ. ಸಂಬಳ ಬರೋ ಮೊಮ್ಮಗ 'ಖಚಿತ ಆಗೋವರೆಗೂ ಕಾಯಿ' ಅನ್ನೋದು ಸುಲಭ. ಪೂರ್ತಿ ಗೊತ್ತಾಗೋವರೆಗೂ ಕೈ ಕಟ್ಟಿ ಕೂರಬೇಕು ಅನ್ನೋದಾದರೆ ಬದುಕೋದು ಹೇಗೆ?

ಇದಕ್ಕೆ ದಾರಿ ಕಂಡದ್ದು ಅಣ್ಣನ ಇನ್ನೊಂದು ಕಥೆಯಿಂದ. ಗಣಿ ಮುಚ್ಚಿದ ಹೊಸತರಲ್ಲಿ ಒಂದು ಸಂಜೆ ಅವರು ಭುಜಕ್ಕೆ ಚೀಲ ಹಾಕ್ಕೊಂಡು ದಿಬ್ಬದ ಕಡೆಯಿಂದ ಬರ್ತಿದ್ದರು. ಹಳೇ ಕಬ್ಬಿಣ ಕದಿಯೋರ ಕಾಟ ಇದ್ದ ಕಾಲ. ಕಾವಲಿನವರು ದೂರದಿಂದ ಆಕಾರ ನೋಡಿಯೇ ಕಳ್ಳ ಅಂತ ತೀರ್ಮಾನ ಮಾಡಿದರು. ಹೊಡೆದ ಮೇಲೆ ಚೀಲ ಬಿಚ್ಚಿದರು. ಒಳಗಿದ್ದದ್ದು ಆಡಿಗೆ ಸೊಪ್ಪು. "ತಡೆದು ನಿಲ್ಸಿದ್ದು ತಪ್ಪಲ್ಲ ತಂಬಿ, ಅದು ಅವರ ಡ್ಯೂಟಿ. ಚೀಲ ಬಿಚ್ಚೋ ಮುಂಚೆ ಹೊಡೆದ್ರು ನೋಡು, ಅದು ತಪ್ಪು" ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಎಡಗೈ ಕಿರುಬೆರಳು ಮಾತ್ರ ಇವತ್ತಿಗೂ ಮಡಿಚೋಕೆ ಆಗಲ್ಲ.

ನನಗೆ ಬೇಕಿದ್ದ ವ್ಯತ್ಯಾಸ ಇದೇ. ಕಾಪಾಡೋಕೆ ಹೆಸರು ಬೇಕಿಲ್ಲ, ಶಿಕ್ಷಿಸೋಕೆ ಬೇಕು. ಆಕಾಶದಲ್ಲಿ ನೆರಳು ಆಡಿದರೆ ಮರಿಗಳ ಮೇಲೆ ಮಂಕರಿ ಕವುಚಬಹುದು. ಅದು ಹದ್ದೋ ಶಿಕ್ರಾನೋ ಗರುಡನೋ, ಮಂಕರಿಗೆ ವ್ಯತ್ಯಾಸ ಇಲ್ಲ, ಯಾರಿಗೂ ಅನ್ಯಾಯವೂ ಆಗಲ್ಲ. ಗೂಡು ಕೀಳೋಕೆ ಮಾತ್ರ ಸರಿಯಾದ ಹೆಸರೇ ಬೇಕು. ಅನುಮಾನಕ್ಕೆ ತಕ್ಕಷ್ಟು ಎಚ್ಚರ ಸಾಕು, ಅನುಮಾನದ ಮೇಲೆ ದಂಡನೆ ಕೂಡದು. ಆಫೀಸಿನಲ್ಲಿ ನಾನು ಬರೆಯೋ ಪ್ರೋಗ್ರಾಮು ಅನುಮಾನದ ಹಣ ವರ್ಗಾವಣೆ ಹಿಡಿಯುತ್ತೆ. 'ಇದು ನೀವೇ ಮಾಡಿದ್ದಾ?' ಅಂತ ಮೆಸೇಜ್ ಕಳಿಸೋಕೆ ಅರೆಬರೆ ಗುರುತು ಸಾಕು, ಖಾತೆಯನ್ನೇ ತಡೆಹಿಡಿಯೋಕೆ ಸಾಲದು. ಎರಡಕ್ಕೂ ಒಂದೇ ಮಿತಿ ಇಟ್ಟಿದ್ವಿ. ಸಂಬಳದ ದಿನ ದುಡ್ಡು ತೆಗೆಯೋಕಾಗದೆ ಎಷ್ಟು ಜನ ಪರದಾಡಿದರೋ. ನಮ್ಮ ಪಟ್ಟಿಯಲ್ಲಿ ಅವರೆಲ್ಲ ಬರೀ ಒಂದು ಅಂಕಿ. ಈಗ ಮಿತಿ ಎರಡು ಮಾಡಿದೀನಿ.

ಅಣ್ಣನ ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಒಂದೆರಡು ಕಡೆ ಹೆಸರಿನ ಜಾಗದಲ್ಲಿ ಬರೀ ಗೆರೆ ಇರುತ್ತೆ. ಮುವ್ವತ್ತು ವರ್ಷ ನೋಡಿದವರದ್ದೂ ಹಾಗೆ. ಗೆರೆ ಎಳೆದ ಮೇಲೆ ಸುಮ್ಮನಾಗಲ್ಲ, ಪಕ್ಕದಲ್ಲಿ ಕಂಡದ್ದನ್ನ ಬರೀತಾರೆ: ಬಾಲ ಉದ್ದ, ರೆಕ್ಕೆ ತುದಿ ಚೂಪು, ಪೂರ್ವಕ್ಕೆ ಹೋಯ್ತು.

ಹೋದ ತಿಂಗಳು ಊರಿಗೆ ಹೋದಾಗ ಅಜ್ಜಿಗೆ ಎಲ್ಲ ಹೇಳಿದೆ. ಅವಳಿಗೀಗ ಎಂಬತ್ತು ದಾಟಿದೆ. ಜಾಲಿಮರ, ಬಿಳಿ ಹಕ್ಕಿ, ಇಲಿ ಬಾಲ, ಮೊಟ್ಟೆ. ಎಲೆಅಡಿಕೆ ಕುಟ್ಟೋದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂಗಾರೆ ಮರಿ ಒತ್ಕೊಂಡೋಗಿದ್ದು ಯಾವ್ದ್ಲಾ?"

"ಗೊತ್ತಿಲ್ಲ ಅಜ್ಜಿ" ಅಂದೆ.

ಈ ಮಾತನ್ನ ಅವತ್ತು ಮರದ ಮೇಲೆ ಹೇಳಬೇಕಿತ್ತು.