ಸೂಜಿ ಯಾರಿಗೆ, ಆಸೆ ಯಾರದು?

ನಾಗಪುರದ ಉತ್ತರಕ್ಕೆ, ಕೊರಾಡಿಯ ಹತ್ತಿರ ಇರುವ ಊರು ಖಾಪರಖೇಡಾ. ಉಷ್ಣ ವಿದ್ಯುತ್ ಸ್ಥಾವರ, ಸುತ್ತಮುತ್ತ ಕಲ್ಲಿದ್ದಲ ಗಣಿ, ಒಣಹಾಕಿದ ಬಟ್ಟೆಯ ಮೇಲೆ ಕೂರುವ ಬೂದಿ. ಹೊಟ್ಟೆಪಾಡಿಗೆಂದು ಇಂಥ ಕಡೆ ಬಂದ ನಮ್ಮಂಥವರಿಗೆ ದೂರ ಎಂಬುದು ಕಷ್ಟವೂ ಹೌದು, ಅನುಕೂಲವೂ ಹೌದು. ಮದುವೆಯಾಗಿ ಐದಾರು ವರ್ಷವಾದರೂ ಮಡಿಲು ತುಂಬದ ಹೆಣ್ಣಿಗೆ ಈ ಅನುಕೂಲ ಚೆನ್ನಾಗಿ ಗೊತ್ತು. ನಾಮಕರಣದ ಮನೆಯಲ್ಲಿ ಎಲ್ಲರೆದುರಿಗೆ “ಏನಾದ್ರೂ ವಿಶೇಷ ಇದೆಯೇನೇ?” ಎಂದು ಕೇಳುವ ದೊಡ್ಡಮ್ಮ ಇಲ್ಲಿಲ್ಲ. ಪಕ್ಕದ ಮನೆಯ ಕಾಕೂ ಮರಾಠಿಯಲ್ಲಿ ಕೇಳುತ್ತಾರೆ, ನಿಜ. ಆದರೆ ಅವರಿಗೆ ಉತ್ತರ ಕೊಡಲೇಬೇಕೆಂಬ ಋಣವಿಲ್ಲ.

ಹಾಗಾಗಿ ಗಂಡ ಹೆಂಡತಿ ನಾಗಪುರದಲ್ಲಿ ಐವಿಎಫ್ ಚಿಕಿತ್ಸೆಗೆ ಹೋಗುತ್ತಿದ್ದರೂ ಊರಿಗೆ ಹೇಳದೆ ಇರುವುದುಂಟು. ಹೆತ್ತವರಿಗೆ ಮುಚ್ಚಿಡುವುದು ಸುಳ್ಳಾಡಿದಂತೆ ಅಲ್ಲವೇ? ಇದಕ್ಕೆ ಉತ್ತರ ಹೇಳುವ ಮೊದಲು ಆ ಚಿಕಿತ್ಸೆ ಹೆಣ್ಣಿನ ಮೈಯಿಂದ ಏನನ್ನು ಕೇಳುತ್ತದೆ ಎಂಬುದನ್ನು ತಿಳಿಯಬೇಕು.

ತಿಂಗಳಿಗೆ ಸಾಮಾನ್ಯವಾಗಿ ಮಾಗುವುದು ಒಂದೇ ಅಂಡ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಅಂಥ ಒಂದೇ ಅಂಡದಿಂದ ಬಂದ ಮಗು. ಈಗ ದಿನವೂ ಹಾರ್ಮೋನು ಚುಚ್ಚಿ ಒಟ್ಟಿಗೆ ಹಲವು ಅಂಡ ಬೆಳೆಸುತ್ತಾರೆ. ಬೆಳೆದದ್ದನ್ನು ಕಂಡ ಪಿಟ್ಯುಟರಿ ಗ್ರಂಥಿ, ಮಾಗಿತೆಂದು ತಿಳಿದು ಬೇಗನೆ ಬಿಡುಗಡೆಯ ಸಂಕೇತ ಕೊಟ್ಟುಬಿಟ್ಟರೆ, ವೈದ್ಯರ ಕೈಗೆ ಸಿಗುವ ಮೊದಲೇ ಅಂಡಗಳು ಜಾರಿಹೋಗುತ್ತವೆ. ಅದಕ್ಕೇ ಆ ಗ್ರಂಥಿಯನ್ನು ಸುಮ್ಮನಿರಿಸುವ ಇನ್ನೊಂದು ಸೂಜಿ ಬೇಕು. ಹಳೆಯ ಕ್ರಮದಲ್ಲಿ ಲ್ಯುಪ್ರೊಲೈಡಿನಂಥ ಮದ್ದನ್ನು ಹಿಂದಿನ ಮುಟ್ಟಿನ ಇಪ್ಪತ್ತೊಂದನೆಯ ದಿನದ ಸುಮಾರಿಗೆ ಶುರುಮಾಡುತ್ತಾರೆ. ಅದು ಗ್ರಂಥಿಯನ್ನು ಮೊದಲು ಕೆರಳಿಸಿ ಆಮೇಲೆ ಅಡಗಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನವರ ಹಾಗೆ ಮೈಯೆಲ್ಲ ಝಳ ಬರಬಹುದು. ಹೊಸ ಕ್ರಮದಲ್ಲಿ ಅಂಡ ಬೆಳೆಸಲು ತೊಡಗಿದ ಐದಾರು ದಿನಕ್ಕೆ ಸೆಟ್ರೊರೆಲಿಕ್ಸ್ ಅಥವಾ ಗ್ಯಾನಿರೆಲಿಕ್ಸ್, ದಿನಕ್ಕೆ 0.25 ಮಿಲಿಗ್ರಾಂ, ಅದು ಕೆಲವೇ ಗಂಟೆಗಳಲ್ಲಿ ಹಿಡಿತ ಸಾಧಿಸುತ್ತದೆ. ಆದರೆ ಹೊತ್ತು ತಪ್ಪುವಂತಿಲ್ಲ. ಗ್ಯಾನಿರೆಲಿಕ್ಸ್ ಆದರೆ ಎರಡು ಸೂಜಿಗಳ ನಡುವೆ 30 ಗಂಟೆ ಮೀರಬಾರದು. ಮೇ ತಿಂಗಳ ಉರಿಬಿಸಿಲಲ್ಲಿ ಫ್ರಿಜ್ಜಿನಲ್ಲಿಡಬೇಕಾದ ಮದ್ದುಗಳನ್ನು ನಾಗಪುರದಿಂದ ಐಸ್ ಡಬ್ಬಿಯಲ್ಲಿ ತಂದು, ಒಲೆ ಆರಿಸಿ, ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು ತಾನೇ ಚುಚ್ಚಿಕೊಳ್ಳಬೇಕು.

ಬೆಳೆಸುವ ಮದ್ದಿನ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ; ವಯಸ್ಸು, ಅಂಡಾಶಯದ ಶಕ್ತಿ ನೋಡಿ ನಿರ್ಧಾರವಾಗುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಫಲ ಎಂಬ ಲೆಕ್ಕ ಇಲ್ಲಿ ನಡೆಯದು. ಅಂಡಾಶಯ ಮಿತಿಮೀರಿ ಕೆರಳಿದರೆ ಹೊಟ್ಟೆಯಲ್ಲಿ ನೀರು ತುಂಬಬಹುದು, ಉಸಿರು ಕಟ್ಟಬಹುದು, ರಕ್ತ ಹೆಪ್ಪುಗಟ್ಟಬಹುದು. ಅಂಥ ಲಕ್ಷಣ ಕಂಡಾಗ ವೈದ್ಯರು ಭ್ರೂಣವನ್ನು ಶೈತ್ಯದಲ್ಲಿಟ್ಟು ಈ ತಿಂಗಳು ಬೇಡ ಎನ್ನುತ್ತಾರೆ, ಇಲ್ಲವೇ ಚಿಕಿತ್ಸೆಯನ್ನೇ ಅರ್ಧಕ್ಕೆ ನಿಲ್ಲಿಸುತ್ತಾರೆ.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲೇ. “ಇಷ್ಟು ದುಡ್ಡು ಸುರಿದ ಮೇಲೆ ಬಿಡೋದಾ?” ಎಂಬ ಮಾತು ಬರುತ್ತದೆ. ಮಗುವಿನ ಆಸೆ ಗಂಡನದು, ಅತ್ತೆ ಮಾವಂದಿರದು, ತವರಿನದು, ಅವಳದೂ ಹೌದು. ಅದು ತಪ್ಪಲ್ಲ. ಆದರೆ ಆಸೆ ಹಂಚಿಕೊಳ್ಳಬಹುದು, ಸೂಜಿ ಹಂಚಿಕೊಳ್ಳಲು ಬರುವುದಿಲ್ಲ. ಕೊರತೆ ಗಂಡಿನ ವೀರ್ಯಾಣುವಿನಲ್ಲಿದ್ದು, ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ ಇಕ್ಸಿ ವಿಧಾನಕ್ಕೆ ಹೋದರೂ ಮದ್ದು ಅವಳ ಹೊಟ್ಟೆಗೇ. ಹಾಗಿದ್ದ ಮೇಲೆ ಸಾಕು ಎನ್ನುವ ಹಕ್ಕು ಎಲ್ಲರಿಗಿಂತ ಮೊದಲು ಅವಳದಾಗಬೇಕು. 2021ರ ಕಾಯ್ದೆಯೂ ದಂಪತಿಯ ಲಿಖಿತ ಒಪ್ಪಿಗೆ ಕೇಳುತ್ತದೆ. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲು ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಹಿಂತೆಗೆದುಕೊಳ್ಳಬಹುದು. ಹಿರಿಯರ ಒಪ್ಪಿಗೆಯ ಮಾತು ಅಲ್ಲಿಲ್ಲ.

ಗಂಡನ ದುಃಖಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ. ಅವನ ಆಸೆ ಅವಳಿಗೆ ಗೊತ್ತಿರಬೇಕು, ಅವಳ ನೋವು ಅವನಿಗೆ ಗೊತ್ತಿರಬೇಕು. ಸುಳ್ಳು ಎಂಬುದು ಇವರಿಬ್ಬರ ನಡುವೆ ಬಂದರೆ ಅದು ಸುಳ್ಳು. ಊರಿಗೆ ಹೇಳದಿರುವುದು ನನ್ನ ಲೆಕ್ಕದಲ್ಲಿ ಸುಳ್ಳಲ್ಲ. ಅವಳು ತನಗೆಂದು ಉಳಿಸಿಕೊಂಡ ಜಾಗ ಅಷ್ಟೆ.

ಆದರೆ ಆ ಜಾಗಕ್ಕೂ ಬೆಲೆ ತೆರಬೇಕು. ನಡುರಾತ್ರಿ ಹೊಟ್ಟೆ ಉಬ್ಬಿ ಉಸಿರು ಸಿಗದಾದಾಗ ಅಮ್ಮ ಪಕ್ಕದಲ್ಲಿರುವುದಿಲ್ಲ, ಗಂಡ ರಾತ್ರಿಪಾಳಿಯಲ್ಲಿರಬಹುದು. ನಾಗಪುರಕ್ಕೆ ಕರೆದೊಯ್ಯಬಲ್ಲ ಒಬ್ಬರಿಗಾದರೂ ವಿಷಯ ತಿಳಿದಿರಲಿ, ಅದು ಆ ಕಾಕೂ ಆದರೂ ಸರಿ. ಲೆಕ್ಕ ಕೇಳದೆ ಜೊತೆಗೆ ಬರುವವರೇ ಪರವೂರಿನಲ್ಲಿ ನೆಂಟರು.

ಊರಲ್ಲಿರುವ ಹಿರಿಯರಿಗೆ ಕೇಳಲೇಬೇಡಿ ಎನ್ನಲಾರೆ. ಅಕ್ಕರೆಯಿದ್ದಲ್ಲಿ ಕೇಳುವುದೂ ಇರುತ್ತದೆ. ಎಂದಾದರೂ ಅವಳೇ ಫೋನು ಮಾಡಿ, “ಅಮ್ಮಾ, ಈ ಸಲಕ್ಕೆ ನಿಲ್ಲಿಸ್ತಿದ್ದೀನಿ” ಅಂದರೆ ಹರಕೆ, ಜಾತಕ, ಖರ್ಚು ಯಾವುದನ್ನೂ ಎತ್ತದೆ “ಆಯ್ತು ಮಗಳೇ, ಊಟ ಮಾಡಿದ್ಯಾ?” ಎಂದಿಷ್ಟು ಕೇಳಿದರೆ, ಮುಚ್ಚಿಡುವ ಅಗತ್ಯವೇ ಬಹಳಷ್ಟು ಕಡಿಮೆಯಾದೀತು.